ಯಂತ್ರಕ್ಕೆ ತಾಳ ಹಾಕುವವರು ಯಾರು?

ಹೋದ ರಾಜ್ಯೋತ್ಸವಕ್ಕೆ ಒಂದು ವಾರ ಇರುವಾಗ ನಮ್ಮ ಸಂಘದ ಕೋಣೆಯಲ್ಲಿ ಒಂದು ಜಗಳವಾಯಿತು. ಭಾವಗೀತೆಗಳಿಗೆ ತಬಲಾ ಬೇಕೇ, ಬೇಡವೇ? ನನ್ನ ಹತ್ತಿರ ಹೊಸದಾಗಿ ಒಂದು ಲೂಪರ್ ಬಂದಿತ್ತು. ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆ ಅದು. ಒಮ್ಮೆ ಒತ್ತಿದರೆ ನಾವು ಹಾಡಿದ್ದು, ಬಾರಿಸಿದ್ದು ರೆಕಾರ್ಡ್ ಆಗುತ್ತದೆ; ಇನ್ನೊಮ್ಮೆ ಒತ್ತಿದರೆ ಅದೇ ತುಣುಕು ಸುತ್ತಿ ಸುತ್ತಿ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. "ಇಷ್ಟಾದ ಮೇಲೆ ತಬಲಾಕ್ಕೆ ಟ್ಯಾಕ್ಸಿ ಖರ್ಚು ಯಾಕೆ?" ಅಂದರು ಖಜಾಂಚಿ. ನಾನೂ ಹೌದು ಹೌದು ಅಂದೆ. ಮೂಲೆಯಲ್ಲಿ ಕೂತಿದ್ದ ನಮ್ಮ ಧಾರವಾಡದ ತಬಲಾ ಗೆಳೆಯ ಮಾತ್ರ ನಕ್ಕು, "ನಿನ್ನ ಪೆಟ್ಟಿಗಿಗೆ ಸಮ ಎಲ್ಲೈತಿ ಅಂತ ಗೊತ್ತೈತೇನಪಾ?" ಅಂತ ಕೇಳಿದ.

ಗೊತ್ತಿರಲಿಲ್ಲ. ಅದು ವೇದಿಕೆಯ ಮೇಲೆ ತಿಳಿಯಿತು.

ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ನಾಲ್ಕು ಎಣಿಕೆಗೆ ಸರಿಯಾಗಿ 2 ಸೆಕೆಂಡು. ನನ್ನ ಕಾಲು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಬಿತ್ತು ಅಂತಿಟ್ಟುಕೊಳ್ಳಿ. ಸುತ್ತು 2.1 ಸೆಕೆಂಡಾಯಿತು, ವೇಗ 114ಕ್ಕೆ ಇಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಪ್ರತಿ ಸುತ್ತಿನ ಕೊನೆಗೆ ಒಂದು ಕುಂಟು. ತಬಲಾದವನು ತಪ್ಪಿದರೆ ಮುಂದಿನ ಆವರ್ತದಲ್ಲಿ ತಿದ್ದಿಕೊಳ್ಳುತ್ತಾನೆ, ಹಾಡುವವರು ತಪ್ಪಿದರೆ ಅವರನ್ನು ಕೈಹಿಡಿದು ತರುತ್ತಾನೆ. ಯಂತ್ರಕ್ಕೆ ಆ ಕರುಣೆ ಇಲ್ಲ. ನನ್ನ ಒಂದು ತಪ್ಪನ್ನು ಅದು ನಲವತ್ತು ಸಲ ಸಭೆಗೆ ಕೇಳಿಸಿತು.

ಹಾಗಾದರೆ ಪೆಟ್ಟಿಗೆಯನ್ನು ಸಮುದ್ರಕ್ಕೆ ಎಸೆಯೋಣವೇ? ನನ್ನ ಅಭಿಪ್ರಾಯ ಅದಲ್ಲ. ನಾವು ಅದನ್ನು ಬಾಡಿಗೆ ಉಳಿಸುವ ಆಳಿನಂತೆ ಬಳಸಿದೆವು. ಅದು ಲಯವನ್ನು ಪರೀಕ್ಷಿಸುವ ಗುರುವಿನಂತೆ. ತಪ್ಪು ನಮ್ಮದು.

"ಇದೆಲ್ಲ ಪರದೇಶಿ ಆಟ" ಎನ್ನುವ ಹಿರಿಯರಿಗೂ ಒಂದು ಮಾತು. ತಬಲಾ ಸೋಲೋದಲ್ಲಿ ಸಾರಂಗಿಯೋ ಹಾರ್ಮೋನಿಯಮ್ಮೋ ಒಂದೇ ಲೆಹರಾವನ್ನು ಗಂಟೆಗಟ್ಟಲೆ ಸುತ್ತಿಸುವುದಿಲ್ಲವೇ? ಸುತ್ತು ಸ್ಥಿರವಾಗಿರುವುದರಿಂದಲೇ ತಬಲಾ ಸ್ವತಂತ್ರ. ಅತ್ತ ಅಮೆರಿಕದ ಟೆರಿ ರೈಲಿ 1963ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಟೇಪ್ ರೆಕಾರ್ಡರ್‌ಗಳ ನಡುವೆ ಒಂದೇ ಟೇಪನ್ನು ಓಡಿಸಿ, ನುಡಿಸಿದ್ದು ಸ್ವಲ್ಪ ತಡೆದು ಮತ್ತೆ ಮತ್ತೆ ಕೇಳಿಸುವ ಹಾಗೆ ಮಾಡಿದರು. ಅದೇ ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾಣಾ ಘರಾಣೆ. ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಘರಾಣೆಯೂ ಅದೇ. ಪರದೇಶಿ ಯಾರು, ಸ್ವದೇಶಿ ಯಾರು, ನೀವೇ ಹೇಳಿ.

ಈಗ ಕೆಲಸದ ಮಾತಿಗೆ ಬರೋಣ. ಲೂಪರ್ ಹಿಡಿದವರೆಲ್ಲ ನಾಲ್ಕು ಎಣಿಕೆಯ ಜೈಲಿನಲ್ಲಿ ಕೂತಿರುವುದೇ ನನಗೆ ಬೇಸರ. ಧಂ ಟಕ್ ಧಂ ಟಕ್, ಮೂರು ನಿಮಿಷಕ್ಕೆ ಕೇಳುವವರಿಗೆ ಆಕಳಿಕೆ. ಬಾಗಿಲು ತೆರೆದೇ ಇದೆ.

ಮೊದಲನೆಯದು, ಉದ್ದ ಬೇರೆಯಾದ ಎರಡು ಸುತ್ತು. ಎಂಟರ ಆದಿತಾಳದ ಮೇಲೆ ಏಳರ ಮಿಶ್ರಛಾಪನ್ನು ಇಡಿ. ಎರಡೂ ಒಟ್ಟಿಗೆ ಹೊರಟರೆ ಮತ್ತೆ ಕೂಡುವುದು 56 ಅಕ್ಷರಗಳ ನಂತರ. ಅಲ್ಲಿಯವರೆಗೆ ಪ್ರತಿ ಸುತ್ತೂ ಹೊಸದು. ಬಹಳ ಪೆಟ್ಟಿಗೆಗಳಲ್ಲಿ ಮೊದಲ ಪದರದ ಉದ್ದವೇ ಎಲ್ಲಕ್ಕೂ ಕಟ್ಟಳೆ. ಚಿಂತೆಯಿಲ್ಲ. ಮೊದಲ ಪದರವನ್ನೇ 56 ಅಕ್ಷರ, ಅಂದರೆ ಎಂಟರ ಏಳು ಸುತ್ತು ಮಾಡಿ. ಮೇಲೆ ಏಳರ ಎಂಟು ಸುತ್ತು ಹಾಕಿ. 56 ಅಕ್ಷರ ಕೈತಪ್ಪದೆ ಎಣಿಸಬೇಕು, ಅಷ್ಟೇ!

ಎರಡನೆಯದು, ಜರುಗಿಸುವುದು. ಸ್ಟೀವ್ ರೈಶ್ 1972ರಲ್ಲಿ ಬರೆದ 'ಕ್ಲ್ಯಾಪಿಂಗ್ ಮ್ಯೂಸಿಕ್'ಗೆ ಕೈಗಳ ಹೊರತು ಬೇರೆ ವಾದ್ಯವೇ ಬೇಡ. ಇಬ್ಬರು 12 ಮಾತ್ರೆಗಳ ಒಂದೇ ಚಪ್ಪಾಳೆ ಹಿಡಿಯುತ್ತಾರೆ. ಒಬ್ಬ ಕದಲುವುದಿಲ್ಲ; ಇನ್ನೊಬ್ಬ ಆಗಾಗ ಒಂದೊಂದೇ ಮಾತ್ರೆ ಜರುಗುತ್ತ, 12 ಸಲ ಜರುಗಿ ಮತ್ತೆ ಒಂದಾಗುತ್ತಾನೆ. ಕದಲದವನ ಕೆಲಸ ಪೆಟ್ಟಿಗೆಗೆ ಕೊಡಿ, ಜರುಗುವ ಕೆಲಸ ನೀವು ಮಾಡಿ. ಲೋಕಲ್ ಗಾಡಿಯಲ್ಲಿ ಇಬ್ಬರು ಎದುರುಬದುರು ಕೂತರೂ ಅಭ್ಯಾಸವಾಗುತ್ತದೆ, ಸೀಟು ಸಿಗಬೇಕು!

ಮೂರನೆಯದು, ಖಾಲಿ ಜಾಗ. ಮೊದಲ ಪದರದಲ್ಲೇ ಎಲ್ಲ ಮಾತ್ರೆ ತುಂಬಿಬಿಟ್ಟರೆ ನಂತರ ಬರುವವರು ಎಲ್ಲಿ ಕೂರಬೇಕು? ಎರಡೋ ಮೂರೋ ಪೆಟ್ಟು ಹಾಕಿ, ಉಳಿದದ್ದು ಬಿಡಿ. ಸಾಹಿತ್ಯ ಅರ್ಧ ಎಣಿಕೆ ತಡವಾಗಿ ಏಳುವ ಹಾಡಾದರೆ ಪೆಟ್ಟಿಗೆಯನ್ನು ಒತ್ತಬೇಕಾದದ್ದು ತಾಳದ ಸಮದಲ್ಲಿ, ಸಾಹಿತ್ಯದ ಎಡುಪಿನಲ್ಲಲ್ಲ. ನಾನು ಮಾಡಿದ ಇನ್ನೊಂದು ತಪ್ಪು ಅದೇ.

ನಾಲ್ಕನೆಯದು, ಕಾಲ ಬದಲಿಸುವುದು. ಕೆಲವು ಪೆಟ್ಟಿಗೆಗಳಲ್ಲಿ ಅರ್ಧ ವೇಗದ ಗುಂಡಿ ಇರುತ್ತದೆ. ಒತ್ತಿದರೆ ನಡೆ ಅರ್ಧವಾಗುತ್ತದೆ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಆ ಸ್ಥಿತಿಯಲ್ಲೇ ಇನ್ನೊಂದು ಪದರ ಹಾಡಿ ಮಾಮೂಲು ವೇಗಕ್ಕೆ ಬಂದರೆ, ಹಾಡಿದ್ದು ಇಮ್ಮಡಿ ಕಾಲದಲ್ಲಿ, ಮೇಲಿನ ಸ್ಥಾಯಿಯಲ್ಲಿ ಕೇಳಿಸುತ್ತದೆ.

ಕೊನೆಯದು, ನಿಲ್ಲಿಸುವುದು. ಲೂಪರ್‌ನವರು ಹೆಚ್ಚಿನವರು ದನಿ ಕುಗ್ಗಿಸಿ ಜಾರಿಕೊಳ್ಳುತ್ತಾರೆ. ನಮಗೆ ಆ ದಾರಿದ್ರ್ಯ ಏಕೆ? ನಮ್ಮಲ್ಲಿ ಮುಕ್ತಾಯವಿದೆ, ತಿಹಾಯಿ ಇದೆ. 16 ಮಾತ್ರೆಯ ಸುತ್ತಿನಲ್ಲಿ ಮೊದಲ ಮಾತ್ರೆ ಬಿಟ್ಟು 'ತದಿಗಿಣತೊಂ' ಮೂರು ಸಲ ಹೇಳಿ. ಐದು ಮೂರಲೆ ಹದಿನೈದು. ಮುಂದಿನ ಪೆಟ್ಟೇ ಸಮ. ಆ ಸಮಕ್ಕೆ ಸರಿಯಾಗಿ ಕಾಲಿಟ್ಟು ಯಂತ್ರ ನಿಲ್ಲಿಸಿ. ಆಗ ಬೀಳುವ ಚಪ್ಪಾಳೆ ನಿಮ್ಮದು, ಪೆಟ್ಟಿಗೆಯದಲ್ಲ.

ಇದನ್ನೆಲ್ಲ ನನಗೆ ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಕಲಿಸಲಿಲ್ಲ. ಕಾರ್ಯಕ್ರಮವಾದ ಮೇಲೆ, ನಾವು ಬೇಡವೆಂದಿದ್ದ ಅದೇ ತಬಲಾ ಗೆಳೆಯ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಕೈಯಲ್ಲಿ ತಾಳ ಹಾಕಿಸಿ ಕಲಿಸಿದ. ಒಂದು ತಿಂಗಳು ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಅವನಿಗೆ ನಾವು ಮಾಡಿದ್ದು ಅನ್ಯಾಯ ಅಂತ ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಆದ್ದರಿಂದ ಸಂಘಕ್ಕೆ ನನ್ನ ಸೂಚನೆ ಇಷ್ಟೆ. ಮುಂದಿನ ಸಲ ಪೆಟ್ಟಿಗೆಯೂ ಇರಲಿ, ತಬಲಾವೂ ಇರಲಿ. ಲೆಹರಾ ಸುತ್ತಿಸುವುದು ಪೆಟ್ಟಿಗೆ, ಮಾತಾಡುವುದು ತಬಲಾ. ಮತ್ತೆ, ಖಜಾಂಚಿಯವರೇ, ಟ್ಯಾಕ್ಸಿ ಖರ್ಚು ನಾನು ಕೊಡುತ್ತೇನೆ.