ಸೌಂಡ್ ಜಾಸ್ತಿ ಇಟ್ರ ಬುಷ್ ಸರಿ ಆಗಲ್ಲ

1/8
ಮೊನ್ನೆ ಸ್ಟೋರಿಯಲ್ಲಿ ನಮ್ಮ ಕಾರಿನ ಕೆಳಗಿಂದ ಬರೋ "ಟಕ್ ಟಕ್" ಸದ್ದು ಹಾಕಿದ್ದೆ. ಬಂದ ರಿಪ್ಲೈಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಲೇ, ಹಾಡಿನ ಸೌಂಡ್ ಜಾಸ್ತಿ ಇಡು, ಕೇಳಸೋದೇ ಇಲ್ಲ." ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು. ಯಾಕಂದ್ರ ಒಂದು ವರ್ಷ ನಮ್ಮ ಮನೆಯಲ್ಲೂ ಮಾಡಿದ್ದು ಅದನ್ನೇ. ಈ ಸರಣಿ ಆ ಸಿಟ್ಟಿನಿಂದ ಬರ್ದಿದ್ದು. ಪೂರ್ತಿ ಓದ್ರಿ, ಆಮೇಲೆ ಬೇಕಾದ್ರ ಬೈಯ್ರಿ.

2/8
ಹೋದ ಸುಗ್ಗಿಯಲ್ಲಿ ಒಂದು ರಾತ್ರಿ ಮಸ್ಕಿಯಿಂದ ಸಿಂಧನೂರಿಗೆ ಬರ್ತಿದ್ವಿ. ಅಪ್ಪ ಓಡಿಸ್ತಿದ್ದ, ಹಿಂದೆ ಅವ್ವ, ತಂಗಿ. ಮುಂದೆ ಭತ್ತ ಹೇರಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ಒಂದು ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಅಪ್ಪ ಜೋರಾಗಿ ಬ್ರೇಕ್ ಒತ್ತಿದ. ಕಾರು ನೆಟ್ಟಗೆ ನಿಲ್ಲಲಿಲ್ಲ; ಎಡಕ್ಕೆ ಎಳ್ಕೊಂಡು ಹೋಗಿ ರಸ್ತೆ ಅಂಚಿನ ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಿದ್ದೆಗಣ್ಣಲ್ಲಿ ತಂಗಿ "ಊರು ಬಂತಾ?" ಅಂದಳು. ಅವ್ವನ ಕೈ ಮನೆ ಮುಟ್ಟೋವರೆಗೂ ನಡುಗ್ತಿತ್ತು.

ಎಲ್ಲರೂ "ದೇವರು ದೊಡ್ಡವ" ಅಂದರು. ನಿಜ. ಆದರೆ ಬೆಳಿಗ್ಗೆ ಗಾಡಿ ಎತ್ತಿ ನೋಡಿದ್ರ, ಎಡಗಡೆ ಲೋವರ್ ಆರ್ಮ್ ಬುಷ್ ಹರಿದು ಆರ್ಮ್ ಕೈಯಲ್ಲೇ ಅಲ್ಲಾಡ್ತಿತ್ತು. ಅದು ಒಂದು ವರ್ಷದಿಂದ "ಟಕ್ ಟಕ್" ಅಂತ ಹೇಳ್ತಾನೇ ಇತ್ತು. ನಾವು ಹಾಡು ಕೇಳ್ತಿದ್ವಿ.

3/8
ಬುಷ್ ಅಂದ್ರ ಏನು? ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಬಳೆ, ನಡುವೆ ರಬ್ಬರ್. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಯನ್ನ ಚೌಕಟ್ಟಿಗೆ ಸೇರಿಸಿ ಹಿಡಿಯೋದು ಲೋವರ್ ಆರ್ಮ್. ಅದರ ಗಾಲಿ ಕಡೆ ಬಾಲ್ ಜಾಯಿಂಟ್, ಚೌಕಟ್ಟಿನ ಕಡೆ ಬುಷ್. ಗುಂಡಿಯ ಏಟು ನುಂಗೋದು, ಬ್ರೇಕ್ ಹಾಕಿದಾಗ ಗಾಲಿ ಹಿಂದಕ್ಕೆ ಸರಿಯದಂತೆ ತಡೆಯೋದು ಆ ರಬ್ಬರ್. ಅದು ಹರಿದ್ರ, ಸ್ಟೀರಿಂಗ್ ನಿಮ್ಮ ಕೈಯಲ್ಲಿದ್ರೂ ಗಾಲಿ ತನ್ನ ಮಾತು ಕೇಳುತ್ತೆ.

ನಮ್ಮ ಕಡೆ ಇದು ಬೇಗ ಸಾಯುತ್ತೆ. ಲಿಂಗಸುಗೂರು–ಮಸ್ಕಿ–ಸಿಂಧನೂರು 150ಎ ಹೆದ್ದಾರಿ ಬಿಟ್ಟು ಕಾಲುವೆ ಕಡೆ ಹಳ್ಳಿ ರಸ್ತೆಗೆ ಇಳೀರಿ, ಗೊತ್ತಾಗುತ್ತೆ. ಯರೆ ಮಣ್ಣು ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತೆ. ಮೇಲಿನ ಡಾಂಬರು ಅಲೆ ಅಲೆ ಆಗುತ್ತೆ. ಅದರ ಮೇಲೆ 40 ಡಿಗ್ರಿ ಬಿಸಿಲಲ್ಲಿ ರಬ್ಬರ್ ಗಟ್ಟಿಯಾಗಿ ಸೀಳುತ್ತೆ. ಮಸ್ಕಿ ಬಂಡೆ ಮೇಲೆ ಅಶೋಕ ಕೊರೆಸಿದ ಅಕ್ಷರ ಎರಡು ಸಾವಿರ ವರ್ಷ ದಾಟಿದ್ರೂ ಅದಾವ. ರಬ್ಬರಿಗೆ ಆ ಆಯುಷ್ಯ ಇಲ್ಲ. ರಸ್ತೆಯನ್ನ ಬೈಯ್ರಿ, ಬೈಯಲೇಬೇಕು. ಆದ್ರ ರಸ್ತೆ ಸರಿ ಆಗೋ ತನಕ ಬುಷ್ ಕಾಯ್ತಾ ಕೂರಲ್ಲ.

4/8
ಬಿಕಾಂ ಗೆಳೆಯರೇ, ಲೆಕ್ಕಕ್ಕೆ ಬರೋಣ. ಸ್ಪೀಕರ್, ಸ್ಟಿಕ್ಕರ್, ಅಲಾಯ್ ವೀಲ್ ಹಾಕ್ಸಿ "ಗಾಡಿಗೆ ಇನ್ವೆಸ್ಟ್ ಮಾಡೀನಿ" ಅಂತೀವಿ. ಬುಷ್ ಹಾಕ್ಸು ಅಂದ್ರ "ಖರ್ಚು" ಅಂತೀವಿ. ಕ್ಲಾಸಲ್ಲಿ ರಿಪೇರಿ ರೆವೆನ್ಯೂ ಎಕ್ಸ್‌ಪೆಂಡಿಚರ್ ಅಂತ ಬರೆದು ಮಾರ್ಕ್ಸ್ ತಗೊಂಡವರು ನಾವೇ. ಆ ಖರ್ಚು ಮುಂದೂಡಿದ್ರ ಅದು ಮಾಯ ಆಗಲ್ಲ, ಬೇರೆ ಖಾತೆಗೆ ಹೋಗುತ್ತೆ. ನಮ್ಮನೇಲಿ ಹೋಗಿದ್ದು ಟೈರ್ ಖಾತೆಗೆ: ಎರಡು ಟೈರ್‌ಗಳ ಒಳ ಅಂಚು ಸವೆದು ತಂತಿ ಕಾಣ್ತಿತ್ತು. ಎರಡು ಸಲ ಅಲೈನ್‌ಮೆಂಟ್ ಮಾಡ್ಸಿದ್ವಿ, ನಿಲ್ಲಲಿಲ್ಲ. ಆರ್ಮೇ ಅಲ್ಲಾಡುವಾಗ ಅಲೈನ್‌ಮೆಂಟ್ ಹೆಂಗ ನಿಲ್ಲುತ್ತ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ವಿ.

5/8
ಇವತ್ತೇ ನೋಡ್ರಿ, ಪೈಸಾ ಖರ್ಚಿಲ್ಲ.
ಖಾಲಿ ಜಾಗದಲ್ಲಿ ಒಬ್ಬ ಗೆಳೆಯ ನಿಧಾನಕ್ಕೆ ಕಾರು ಹಿಂದೆ ಮುಂದೆ ಓಡಿಸಿ ಬ್ರೇಕ್ ಹಾಕ್ಲಿ. ನೀವು ದಾರಿಗೆ ಅಡ್ಡ ನಿಲ್ಲದೆ, ಪಕ್ಕದಿಂದ ದೂರ ನಿಂತು ಮುಂದಿನ ಗಾಲಿಯ ವಿಡಿಯೋ ಮಾಡ್ರಿ. ಬ್ರೇಕ್ ಹಾಕಿದಾಗ ಗಾಲಿ ಕಮಾನಿನೊಳಗೆ ಹಿಂದೆ ಮುಂದೆ ಜಾರಿದ್ರ ಬುಷ್ ಮೇಲೆ ಅನುಮಾನ ಪಡ್ರಿ. ಸ್ಪೀಡ್ ಬ್ರೇಕರ್ ಮೇಲೆ ಟಕ್ ಅನ್ನೋದು, ಬ್ರೇಕಿಗೆ ಒಂದೇ ಕಡೆ ಎಳೆಯೋದು, ಟೈರ್ ಒಂದೇ ಅಂಚು ಸವೆಯೋದು, ಈ ಮೂರೂ ಸೇರಿದ್ರ ತಡ ಮಾಡಬೇಡ್ರಿ. ರೀಲ್ಸಿಗೆ ಅಷ್ಟು ವಿಡಿಯೋ ಮಾಡ್ತೀವಿ, ಅವ್ವ ಕೂರೋ ಗಾಡಿಗೆ ಒಂದು ಮಾಡಿದ್ರ ಏನು ಹೋಗುತ್ತ?

6/8
ಮನೇಲಿ ಬದಲಿಸೋದು ಹೆಂಗ? ಗಟ್ಟಿ ಕಾಂಕ್ರೀಟ್ ನೆಲ ಬೇಕು. ಯರೆ ಮಣ್ಣಲ್ಲಿ ಜಾಕ್ ಕುಸಿಯುತ್ತೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಅಡ್ಡ ಕೊಟ್ಟು, ಗಾಡಿ ಎತ್ತೋ ಮೊದಲೇ ಗಾಲಿ ನಟ್ ಸಡಿಲ ಮಾಡ್ರಿ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಡಲೇಬೇಕು. ಡಿಕ್ಕಿಯಲ್ಲಿರೋ ಜಾಕ್ ನಂಬಿ ಕೆಳಗೆ ಮಲಗೋ ಹೀರೋಗಳೇ, ಇಟ್ಟಂಗಿ ಇಟ್ಟು ಲೈವ್ ಬರೋರೇ, ನಿಮ್ಮನ್ನ ನೋಡಿ ಕಲಿಯೋ ಹುಡುಗರು ಇದ್ದಾರೆ. ನಿಲ್ಲಸ್ರಿ.

ಗಾಲಿ ತೆಗೆದು, ಬಾಲ್ ಜಾಯಿಂಟ್ ಬಿಡಿಸಿ, ಆರ್ಮ್ ಬೋಲ್ಟ್ ಬಿಚ್ಚಿದ್ರ ಆರ್ಮ್ ಕೈಗೆ ಬರುತ್ತೆ. ಹಳೇ ಬುಷ್ ಯಾವ ದಿಕ್ಕಿಗೆ ಕೂತಿದೆ ಅಂತ ಗುರುತು ಮಾಡಿ, ಫೋಟೋ ತಗೊಳ್ರಿ. ಬುಷ್ ಹೊರಗೆ ಒತ್ತೋದು ಸುತ್ತಿಗೆ ಕೆಲಸ ಅಲ್ಲ. ರಬ್ಬರ್ ಸುಟ್ಟು ತೆಗೆಯೋದಂತೂ ಬೇಡ, ಆ ಹೊಗೆ ವಿಷ. ನಾನು ಆರ್ಮ್ ಚೀಲಕ್ಕೆ ಹಾಕ್ಕೊಂಡು ಪ್ರೆಸ್ ಇರೋ ಲೇತ್ ಅಂಗಡಿಗೆ ಒಯ್ದೆ. ರಬ್ಬರಿಗೆ ಜಾರಿಕೆ ಬೇಕಾದ್ರ ಸೋಪಿನ ನೀರು ಸಾಕು, ಎಣ್ಣೆ ಗ್ರೀಸ್ ಹಚ್ಚಬೇಡ್ರಿ. ರಬ್ಬರ್ ಉಬ್ಬಿ ಹಾಳಾಗುತ್ತೆ. ಒಂದು ಕಡೆ ಹೋಗಿದ್ರ ಎರಡೂ ಕಡೆ ಬದಲಿಸೋದು ಒಳ್ಳೇದು.

7/8
ಈಗ ಇಡೀ ಸರಣಿಯ ಮುಖ್ಯ ಮಾತು. ಆ ರಾತ್ರಿಯ ನಂತರ ಒಂದು ಗ್ಯಾರೇಜಲ್ಲಿ ಹೊಸ ಬುಷ್ ಹಾಕ್ಸಿದ್ವಿ. ನಾಲ್ಕು ತಿಂಗಳಿಗೆ ಸದ್ದು ವಾಪಸ್. "ಪಾರ್ಟು ಡುಪ್ಲಿಕೇಟ್" ಅಂದರು. ಆದ್ರ ಗಾಡಿ ಮೇಲಿದ್ದು ಗಾಲಿ ನೇತಾಡ್ತಿದ್ದಾಗಲೇ ಅವರು ಬೋಲ್ಟ್ ಪೂರ್ತಿ ಬಿಗಿದಿದ್ದನ್ನ ನಾನೇ ನಿಂತು ನೋಡಿದ್ದೆ. ತಪ್ಪು ಅಂತ ಆಗ ಗೊತ್ತಿರಲಿಲ್ಲ.

ಬೋಲ್ಟ್ ಬಿಗಿದ ಕೂಡಲೇ ಬುಷ್ಷಿನ ಒಳ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತೆ. ನೇತಾಡುವಾಗ ಬಿಗಿದ್ರ, ಗಾಡಿ ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತೆ. ನಿಂತಾಗಲೂ ಹಿಂಸೆ, ಓಡುವಾಗಲೂ ಹಿಂಸೆ. ಅದಕ್ಕೇ ಅಡ್ಡ ಬೋಲ್ಟ್ ಇರೋ ಬುಷ್‌ಗಳನ್ನ ಗಾಡಿಯ ಭಾರ ಗಾಲಿ ಮೇಲೆ ಕೂತಾಗ, ಮ್ಯಾನುಯಲ್ಲಿನಲ್ಲಿ ಹೇಳಿದಷ್ಟು ಟಾರ್ಕಿಗೆ ಬಿಗಿಯಬೇಕು. ಆಮೇಲೆ ಅಲೈನ್‌ಮೆಂಟ್. ಈ ಒಂದು ಸಾಲು ಗೊತ್ತಿದ್ದಿದ್ರ ಅವತ್ತು ಕೇಳ್ತಿದ್ದೆ: "ಅಣ್ಣಾ, ಗಾಡಿ ಇಳಿಸಿ ಬಿಗೀತೀರಾ?" ಗೊತ್ತಿಲ್ಲದವನಿಗೆ ಕೇಳೋಕೆ ಪ್ರಶ್ನೆಯೇ ಇರಲ್ಲ.

8/8
"ಮಿಸ್ತ್ರಿಗಳ ಹೊಟ್ಟೆ ಮೇಲೆ ಹೊಡೀತೀಯಾ?" ಅಂತ ಒಬ್ಬ ಕೇಳ್ದ. ಇಲ್ಲಪ್ಪ. ಲೇತ್ ಅಂಗಡಿಗೆ ದುಡ್ಡು ಕೊಟ್ಟೆ, ಅಲೈನ್‌ಮೆಂಟಿಗೆ ಕೊಟ್ಟೆ. ಬೋಲ್ಟ್ ತುಕ್ಕು ಹಿಡಿದು ಜಗ್ಗದಿದ್ರ, ಬಾಲ್ ಜಾಯಿಂಟೂ ಹೋಗಿದ್ರ ನೀವೂ ಸುಮ್ಮನೆ ಗ್ಯಾರೇಜಿಗೆ ಹೋಗ್ರಿ, ಅದರಲ್ಲಿ ಸೋಲೇನಿಲ್ಲ. ಕೆಲಸ ಬಲ್ಲ ಮಿಸ್ತ್ರಿಗೆ ಕೆಲಸ ತಿಳಿದ ಗಿರಾಕಿ ಅಂದ್ರ ಖುಷಿ.

ಇನ್ನು ನಮ್ಮ ನೆಂಟರು: "ಬಿಕಾಂ ಓದೋ ಹುಡುಗ ಕಾರಿನ ಕೆಳಗೆ ಮಲಗ್ತಾನ, ಮರ್ಯಾದೆ ಇಲ್ಲೇನು?" ಕೈಗೆ ಹತ್ತಿದ ಮಸಿ ಸೋಪಿಗೆ ಹೋಯ್ತು, ಮಾಮಾ. ಅವತ್ತು ಕಾರು ಎಡಕ್ಕೆ ಇಳಿಯೋ ಬದಲು ಬಲಕ್ಕೆ ಎಳೆದಿದ್ರ ಏನಾಗ್ತಿತ್ತು ಅಂತ ನಾನು ಇನ್ನೂ ಯೋಚಿಸ್ತೀನಿ. ಓದಿದವರು ಕೈ ಕಪ್ಪು ಮಾಡ್ಕೋಬಾರದು ಅನ್ನೋ ಮಾತೇ ನಮ್ಮನ್ನ ಒಂದು ವರ್ಷ ಆ ಗಾಡಿಯಲ್ಲಿ ಓಡಾಡಿಸಿದ್ದು.

ಇವತ್ತು ಸಂಜೆ ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ, ಒಂದು ಸ್ಪೀಡ್ ಬ್ರೇಕರ್ ದಾಟ್ರಿ. ಏನು ಕೇಳಿಸ್ತು ಅಂತ ಕಾಮೆಂಟಲ್ಲಿ ಬರೀರಿ.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಬಿಕಾಂಹುಡುಗನಪಾನಾ