ಹೊಗೆ ಪರೀಕ್ಷೆಯಲ್ಲಿ ನಪಾಸು: ರಿಪೇರಿ ಆಗಬೇಕಾದದ್ದು ಗಾಡಿಯೋ, ಚೀಟಿಯೋ?

ಭಾನುವಾರದ ಬಲಿಪೂಜೆಯ ವೇಳೆಗೆ ಕರಾವಳಿಯ ಯಾವುದೇ ಇಗರ್ಜಿಯ ಅಂಗಳವನ್ನು ನೋಡಿ. ಹೊಸ ಕಾರುಗಳ ನಡುವೆ ಹಳೆಯ ಓಮ್ನಿ, ಮಾರುತಿ 800, ಆಟೋರಿಕ್ಷಾಗಳು ಇನ್ನೂ ಬಂದು ನಿಲ್ಲುತ್ತವೆ. ಇವುಗಳ ಮಾಲೀಕರಲ್ಲಿ ಹೆಚ್ಚಿನವರು ಹಳೆಯದರ ಮೇಲಿನ ಮೋಹದಿಂದ ಇಟ್ಟುಕೊಂಡವರಲ್ಲ, ಹೊಸದನ್ನು ಕೊಳ್ಳಲಾಗದವರು. ಬಿಎಸ್-4ಕ್ಕಿಂತ ಹಿಂದಿನ ಇಂಥ ವಾಹನಗಳಿಗೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಕಡ್ಡಾಯ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ದಂಡ ಗರಿಷ್ಠ 10,000 ರೂಪಾಯಿವರೆಗೂ ಏರಬಹುದು. ಹಾಗಾಗಿ ಪರೀಕ್ಷೆಯಲ್ಲಿ ಗಾಡಿ ನಪಾಸಾದರೆ ಮಾಲೀಕನಿಗೆ ಗಾಡಿಗಿಂತ ಮೊದಲು ಚೀಟಿಯದ್ದೇ ಚಿಂತೆ. ಚೀಟಿಯನ್ನು 'ಹೇಗಾದರೂ' ಮಾಡಿಸಿಕೊಳ್ಳುವ ದಾರಿ ಹುಡುಕುವುದು ಇಲ್ಲಿಂದಲೇ.

ಇದು ಬರೀ ಗುಮಾನಿಯಲ್ಲ. ದೆಹಲಿಯ ವಾಹನ ಮಾಲಿನ್ಯದ ಕುರಿತು 2025ರಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯ ಪ್ರಕಾರ, ಮಿತಿ ಮೀರಿ ಹೊಗೆ ಉಗುಳಿದ ಒಂದು ಲಕ್ಷಕ್ಕೂ ಅಧಿಕ ವಾಹನಗಳಿಗೆ ಪ್ರಮಾಣಪತ್ರ ಸಿಕ್ಕಿತ್ತು. ಸಾವಿರಾರು ಪ್ರಕರಣಗಳಲ್ಲಿ ಒಂದು ನಿಮಿಷದೊಳಗೇ ತಪಾಸಣೆ ಮುಗಿದು ಚೀಟಿಯೂ ಕೈಗೆ ಬಂದಿತ್ತು! ರಾಜಧಾನಿಯಲ್ಲೇ ಹೀಗಾದರೆ ಉಳಿದ ಊರುಗಳವರು ಎದೆ ತಟ್ಟಿಕೊಳ್ಳುವಂತಿಲ್ಲ.

ಆದರೆ ನಪಾಸಾದ ಚೀಟಿಯೇ ಬಹಳಷ್ಟು ಹೇಳುತ್ತದೆ ಎಂಬುದನ್ನು ನಾವು ಮರೆತಿದ್ದೇವೆ. ಪೆಟ್ರೋಲ್ ವಾಹನದ ಚೀಟಿಯಲ್ಲಿ ಮುಖ್ಯವಾಗಿ ಎರಡು ಅಂಕಿಗಳಿರುತ್ತವೆ: ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಬಿಎಸ್-2ಕ್ಕಿಂತ ಹಿಂದಿನ ಕಾರಿಗೆ ಮೊದಲನೆಯದರ ಮಿತಿ ಶೇ. 3, ಎರಡನೆಯದಕ್ಕೆ 1500 ಪಿಪಿಎಂ. ಮೊದಲನೆಯದು ಹೆಚ್ಚಿದ್ದರೆ ಇಂಜಿನ್‌ಗೆ ಗಾಳಿಯ ಪ್ರಮಾಣಕ್ಕೆ ತಕ್ಕುದಕ್ಕಿಂತ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದರ್ಥ. ಧೂಳು ಕಟ್ಟಿದ ಏರ್ ಫಿಲ್ಟರ್, ಪೂರ್ತಿ ವಾಪಸು ಹೋಗದ ಚೋಕ್, ಕಾರ್ಬುರೇಟರಿನಲ್ಲಿ ಸರಿಯಾಗಿ ಕೂರದ ಫ್ಲೋಟ್ ಇದಕ್ಕೆ ಕಾರಣವಿರಬಹುದು. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆಯೇ ಹೊರಬೀಳುತ್ತಿದೆ. ಆಗ ಮೊದಲು ನೋಡಬೇಕಾದದ್ದು ಪ್ಲಗ್, ಪ್ಲಗ್ ವಯರ್, ಟೈಮಿಂಗ್. ಅವು ಸರಿಯಿದ್ದರೆ ವಾಲ್ವ್. ಹಳೆಯ ಟು-ಸ್ಟ್ರೋಕ್ ರಿಕ್ಷಾಗಳಲ್ಲಂತೂ ಇಂಜಿನ್ ಬಾಳಿಕೆ ಬರಲಿ ಎಂದು ಪೆಟ್ರೋಲಿಗೆ ಆಯಿಲ್ ಹೆಚ್ಚು ಬೆರೆಸುವ ಅಭ್ಯಾಸವೇ ನೀಲಿ ಹೊಗೆಗೆ ಕಾರಣ. ಇವುಗಳಲ್ಲಿ ಹಲವು ಕೆಲಸಗಳು ದಂಡದ ಮೊತ್ತಕ್ಕೆ ಹೋಲಿಸಿದರೆ ತೀರಾ ಅಗ್ಗ.

ಕೆಲವರು ಪರೀಕ್ಷೆಗೆಂದೇ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ತಗ್ಗಿಸಿ, ಚೀಟಿ ಸಿಕ್ಕ ಮೇಲೆ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಅತಿಯಾಗಿ ತಗ್ಗಿಸಿದರೆ ಇಂಜಿನ್ ಮಿಸ್ಸಿಂಗ್ ಆಗಿ ಇನ್ನೊಂದು ಅಂಕಿ ಏರುತ್ತದೆ. ಉಪ್ಪುಗಾಳಿಯ ನಮ್ಮ ಕರಾವಳಿಯಲ್ಲಿ ಮತ್ತೊಂದು ತೊಡಕೂ ಇದೆ. ತುಕ್ಕು ಹಿಡಿದು ತೂತಾದ ಸೈಲೆನ್ಸರಿನೊಳಗೆ ಹೊರಗಿನ ಗಾಳಿ ಸೇರಿದರೆ ಅಂಕಿ ಕಡಿಮೆ ಬರುತ್ತದೆ. ಗಾಡಿ ಪಾಸು, ಹೊಗೆ ಮಾತ್ರ ಹಾಗೆಯೇ!

ಇನ್ನು ಸರಕಾರದ ಧೋರಣೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ ಅದು 10,000 ಆಯಿತು. ಈ ಶುಲ್ಕ ನೋಡುವುದು ಗಾಡಿಯ ವಯಸ್ಸನ್ನು, ಹೊಗೆಯನ್ನಲ್ಲ. ಚೆನ್ನಾಗಿ ನೋಡಿಕೊಂಡ ಗಾಡಿಯ ಮಾಲೀಕನೂ, ಊರಿಗೆಲ್ಲ ಹೊಗೆ ಹಂಚುವವನೂ ಕಟ್ಟುವುದು ಒಂದೇ ಮೊತ್ತ. ಹಾಗೆಂದು ಹಳೆಯ ಗಾಡಿಗಳು ನಿರ್ದೋಷಿಗಳು ಎನ್ನುವಂತಿಲ್ಲ. ಬಿಎಸ್-4 ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.3, ಅಂದರೆ ಹಳೆಯದಕ್ಕೆ ಕೊಟ್ಟ ರಿಯಾಯಿತಿಯ ಹತ್ತನೇ ಒಂದು ಪಾಲು. ಪಾಸಾದ ಹಳೆ ಗಾಡಿಯೂ ಹೊಸದಕ್ಕಿಂತ ಹೆಚ್ಚು ವಿಷ ಉಗುಳಬಹುದು. ಇದನ್ನು ಒಪ್ಪಿಕೊಳ್ಳಲೇಬೇಕು.

ಜಗದ್ಗುರು ಫ್ರಾನ್ಸಿಸ್ 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಪರಿಸರದ ಬಿಕ್ಕಟ್ಟು ಬೇರೆ, ಬಡವರ ಬಿಕ್ಕಟ್ಟು ಬೇರೆ ಅಲ್ಲ ಎಂದಿದ್ದರು. ರಿಕ್ಷಾ ಚಾಲಕನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಆ ಹೊಗೆಯನ್ನು ದಿನವಿಡೀ ಕುಡಿಯುವವನೂ ಅವನೇ, ದಂಡ ಕಟ್ಟುವವನೂ ಅವನೇ. ನಮ್ಮ ಧರ್ಮಕೇಂದ್ರಗಳಲ್ಲಿ ವಾಹನಗಳನ್ನು ಆಶೀರ್ವದಿಸುವ ರೂಢಿಯಿದೆ. ಅದೇ ದಿನ ಊರಿನ ಒಬ್ಬಿಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿ, ಬಡವರ ಗಾಡಿಗಳ ಪ್ಲಗ್, ಫಿಲ್ಟರ್ ನೋಡಿಸುವುದು ಕಷ್ಟವೇ?

ಅಲ್ಲಿಯವರೆಗೆ, ನಪಾಸಾದವರು ಅಂಕಿಗಳಿರುವ ಚೀಟಿಯನ್ನು ಕೇಳಿ ಪಡೆಯಿರಿ. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ, ಯಾವ ಅಂಕಿ ಏರಿದೆಯೋ ಅದರ ಕೆಲಸ ಮೊದಲು ಮಾಡಿಸಿ. ಮರುಪರೀಕ್ಷೆಗೆ ಹೋಗುವಾಗ ನಾಲ್ಕಾರು ಕಿಲೋಮೀಟರ್ ಓಡಿಸಿಕೊಂಡೇ ಹೋಗಿ; ತಣ್ಣಗಿರುವ ಇಂಜಿನ್‌ನಲ್ಲಿ ಸರಿಯಿರುವ ಗಾಡಿಯೂ ನಪಾಸಾಗಬಹುದು.