"ಬೀಡಿ ಸೇದ್ತಿದ್ಯಾ?" ಅಂತ ಕೇಳೋರಿಗೆ

ಶ್ವಾಸಕೋಶದ ಕ್ಯಾನ್ಸರ್ ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಬೀಡಿ ಸೇದ್ತಿದ್ಯಾ?" ಸೇದಿದ್ರೆ ಸಾಯ್ಲಿ ಅನ್ನೋಕೆ ನೀವ್ಯಾರು? ಹದಿನೆಂಟು ವರ್ಷ ಜಲ್ಲಿ ಕ್ರಷರ್‌ನಲ್ಲಿ ಏನು ಉಸಿರಾಡಿದೆ ಅಂತ ಯಾರೂ ಕೇಳಲ್ಲ. ಕಲ್ಲುಧೂಳಿನ ಸಿಲಿಕಾ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಕೇಳಿದವರು ಕಿಮೋ ವಾರ್ಡಿನ ಹೊರಗೆ ಬೆಂಚ್ ಮೇಲೆ ಸಿಕ್ಕ ರೋಗಿಗಳು: ಒಬ್ಬ ಪೌರಕಾರ್ಮಿಕ ಅಕ್ಕ, ಒಬ್ಬ ಕ್ವಾರಿ ಅಣ್ಣ. "ಉಸಿರು ಕಟ್ಟಿದ್ರೆ ಮುಂದಕ್ಕೆ ಬಾಗಿ ಕೂತ್ಕೊಳಪ್ಪ, ಕೆಮ್ಮಿದಾಗ ರಕ್ತ ಬಂದ್ರೆ ಕಾಯ್ಬೇಡ" ಅಂದ್ರು. ಅಕ್ಕ ಬುತ್ತಿ ಬಿಚ್ಚಿ ಮುಂದಿಟ್ಟರು. ಆವತ್ತು ನನಗೆ ಧೈರ್ಯ ಬಂತು.

ನಿಮ್ಮ ಅನುಕಂಪ ಬೇಡ. ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ರೋಗಿಗಳು ಕೂತು ಮಾತಾಡೋಕೆ ಒಂದು ಕೋಣೆ ಕೊಡಿ. ಕೇಸ್ ಶೀಟಲ್ಲಿ ನಾವು ಮಾಡಿದ ಕೆಲಸ ಬರೀರಿ. ಸಂಗಾತಿಗಳೇ, ಧರಣಿಗೆ ಬಂದ ಹಾಗೆ ವಾರ್ಡಿಗೂ ಬನ್ನಿ.

ಜೈ ಭೀಮ್.